ಅಂಗಾಂಶಗಳ ಪಾಠ: ಗಡಿನಾಡಿನ ಮಕ್ಕಳೂ ಮನೆಯವರೂ ಪದೇ ಪದೇ ಕೇಳುವ ಪ್ರಶ್ನೆಗಳು

ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಬದಿಯಡ್ಕದ ಆಚೆಯ ಒಂದು ಕನ್ನಡ ಮಾಧ್ಯಮ ಪ್ರೌಢಶಾಲೆಯಲ್ಲಿ ನಾನು ಜೀವಶಾಸ್ತ್ರ ಕಲಿಸುತ್ತೇನೆ. ವರ್ಷಕ್ಕೊಮ್ಮೆ ಅಂಗಾಂಶಗಳ ಪಾಠ ಬರುತ್ತದೆ, ಅದರ ಜೊತೆಗೆ ಅವೇ ಪ್ರಶ್ನೆಗಳೂ ಬರುತ್ತವೆ. ಕೆಲವನ್ನು ಮಕ್ಕಳು ತರಗತಿಯಲ್ಲಿ ಕೇಳುತ್ತಾರೆ, ಕೆಲವನ್ನು ಅವರ ಅಪ್ಪ ಅಮ್ಮ ಪೇಟೆಯಲ್ಲಿ ಸಿಕ್ಕಾಗ ಕೇಳುತ್ತಾರೆ. ಉತ್ತರಗಳನ್ನು ಒಂದು ಕಡೆ ಬರೆದಿಟ್ಟಿದ್ದೇನೆ. ಪಠ್ಯಪುಸ್ತಕದ ಕ್ರಮ ಇಲ್ಲಿಲ್ಲ. ತೋಟದಲ್ಲಿ ಮತ್ತು ಅಡುಗೆಮನೆಯಲ್ಲಿ ಕೈಗೆ ಸಿಗುವುದನ್ನು ಮೊದಲು ಹಿಡಿದು, ಹೆಸರನ್ನು ಆಮೇಲೆ ಹೇಳುವುದು ನನ್ನ ಅಭ್ಯಾಸ.

ಅಂಗಾಂಶ, ಊತಕ, ಕಲ, ಟಿಶ್ಯೂ: ಇವೆಲ್ಲ ಒಂದೆಯೇ?

ಒಂದೇ. ನಮ್ಮ ಜಿಲ್ಲೆಯ ಮಕ್ಕಳಿಗೆ ಮಾತ್ರ ಇದು ದೊಡ್ಡ ತಲೆನೋವು. ಶಾಲೆಯಲ್ಲಿ ‘ಅಂಗಾಂಶ’ ಎಂದು ಓದುತ್ತಾರೆ. ಸಂಜೆ ಟ್ಯೂಷನ್‌ಗೆ ಹೋದರೆ ಅಲ್ಲಿ ಮಲಯಾಳದಲ್ಲಿ ‘ಕಲ’ ಎನ್ನುತ್ತಾರೆ. ಕನ್ನಡದ ಕಿವಿಗೆ ಅದು ಬಟ್ಟೆಯ ಮೇಲಿನ ಕಲೆಯ ಹಾಗೆ ಕೇಳಿಸುತ್ತದೆ. ಆವರಣಕಲ ಎಂದರೆ ಅನುಲೇಪಕ ಅಂಗಾಂಶ, ಯೋಜಕಕಲ ಎಂದರೆ ಸಂಯೋಜಕ ಅಂಗಾಂಶ, ಪೇಶೀಕಲ ಎಂದರೆ ಸ್ನಾಯು ಅಂಗಾಂಶ, ನಾಡೀಕಲ ಎಂದರೆ ನರ ಅಂಗಾಂಶ. ಈ ನಾಲ್ಕು ಜೋಡಿಗಳನ್ನು ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಟ್ಟುಕೊಂಡರೆ ಅರ್ಧ ಗೊಂದಲ ಅಲ್ಲಿಗೇ ಮುಗಿಯುತ್ತದೆ.

‘ಊತಕ’ ಹಳೆಯ ಪುಸ್ತಕಗಳಲ್ಲಿ ಸಿಗುವ ಪದ. ನನಗೆ ಅದರ ಮೇಲೆ ಸ್ವಲ್ಪ ಹೆಚ್ಚು ಪ್ರೀತಿ. ಸಂಸ್ಕೃತದಲ್ಲಿ ಊತ ಎಂದರೆ ನೇಯ್ದದ್ದು. ನಾವು ಓತಪ್ರೋತವಾಗಿ ಮಾತನಾಡಿದರು ಎನ್ನುತ್ತೇವಲ್ಲ, ಅಲ್ಲಿಯೂ ಇರುವುದು ನೇಯ್ಗೆಯೇ. ಫ್ರಾನ್ಸಿನ ವೈದ್ಯ ಕ್ಸೇವಿಯರ್ ಬಿಷಾ ಈ ಅರ್ಥದಲ್ಲಿ ಬಳಕೆಗೆ ತಂದ ‘ಟಿಶ್ಯೂ’ ಪದದ ಮೂಲ ಅರ್ಥವೂ ನೇಯ್ದ ಬಟ್ಟೆ ಎಂದೇ. ಆತ 1802ರಲ್ಲಿ, ಮೂವತ್ತು ತುಂಬಿದ ಸ್ವಲ್ಪದರಲ್ಲೇ ತೀರಿಕೊಂಡ. ಅಷ್ಟರೊಳಗೆ ಮನುಷ್ಯ ದೇಹದಲ್ಲಿ 21 ಬಗೆಯ ಅಂಗಾಂಶಗಳನ್ನು ಗುರುತಿಸಿದ್ದ, ಅದೂ ಸೂಕ್ಷ್ಮದರ್ಶಕವನ್ನು ನಂಬದೆ. ಕತ್ತರಿಸಿ, ಬೇಯಿಸಿ, ಒಣಗಿಸಿ, ಆಮ್ಲದಲ್ಲಿ ಅದ್ದಿ ನೋಡಿಯೇ ವ್ಯತ್ಯಾಸ ಕಂಡುಕೊಂಡ. ನಮ್ಮ ಶಾಲೆಯ ಏಕೈಕ ಸೂಕ್ಷ್ಮದರ್ಶಕದ ಕನ್ನಡಿ ಒಡೆದ ವರ್ಷ ನಾನು ಈತನ ಕಥೆಯನ್ನೇ ಹೇಳಿ ಪಾಠ ದಾಟಿಸಿದ್ದೆ.

‘ಜೀವಕೋಶಗಳ ಗುಂಪು’ ಎಂದು ಬರೆದರೆ ಅಂಕ ಸಿಗುತ್ತದೆಯೇ?

ಪೂರ್ತಿ ಸಿಗುವುದಿಲ್ಲ, ಸಿಗಲೂ ಬಾರದು. ಒಂದೇ ಮೂಲದಿಂದ ಹುಟ್ಟಿ, ಸೇರಿಕೊಂಡು ಒಂದು ಕೆಲಸವನ್ನು ಮಾಡುವ ಕೋಶಗಳ ಗುಂಪು ಎಂದಾಗಬೇಕು. ಬಸ್ಸಿಗೆ ಕಾಯುವವರೂ ಗುಂಪೇ, ಚೆಂಡೆ ಮದ್ದಳೆ ಹಿಡಿದ ಹಿಮ್ಮೇಳವೂ ಗುಂಪೇ. ಅಂಗಾಂಶ ಎರಡನೆಯ ಬಗೆಯದು. ಹಾಗೆಂದು ಎಲ್ಲ ಕೋಶಗಳೂ ಒಂದೇ ಆಕಾರದಲ್ಲಿ ಇರಬೇಕಾಗಿಲ್ಲ. ಗಿಡದಲ್ಲಿ ನೀರು ಸಾಗಿಸುವ ಕ್ಸೈಲಂನಲ್ಲಿ ನಾಲ್ಕು ಬಗೆಯ ಕೋಶಗಳಿದ್ದರೂ ಅದು ಒಂದು ಅಂಗಾಂಶ. ಅದಕ್ಕೇ ಅದನ್ನು ಸಂಕೀರ್ಣ ಅಂಗಾಂಶ ಎನ್ನುತ್ತಾರೆ.

ಅಮೀಬಾಕ್ಕೆ ಅಂಗಾಂಶ ಉಂಟೇ?

ಇಲ್ಲ. ಇರುವುದೇ ಒಂದು ಕೋಶ.

ಮನೆಯಲ್ಲಿ ಸುಲಭವಾಗಿ ಸಿಗುವ ಯಾವ ವಸ್ತುವಿನಲ್ಲಿ ಹೆಚ್ಚು ಅಂಗಾಂಶಗಳನ್ನು ನೋಡಬಹುದು?

ಸುಲಿಯದ ಒಂದು ತೆಂಗಿನಕಾಯಿ ಸಾಕು. ನಾನು ಪಾಠ ಆರಂಭಿಸುವುದೇ ಅದರಿಂದ.

ಹೊರಗಿನಿಂದ ಶುರು ಮಾಡಿ. ಕೈಗೆ ನಯವಾಗಿ ತಾಗುವ ತೊಗಲು ಹೊರಚರ್ಮ. ಅದರ ಮೇಲೆ ಮೇಣದಂಥ ಪದರ ಇರುವುದರಿಂದ ನೀರು ಸುಲಭವಾಗಿ ಒಳಗಿಳಿಯುವುದಿಲ್ಲ. ಕಾಯಿ ಹೊಳೆಯಲ್ಲಿ ತೇಲಿ ಕಡಲು ಸೇರಿ ಬೇರೊಂದು ದಡದಲ್ಲಿ ಮೊಳೆಯುವುದಕ್ಕೆ ಇದೂ ಒಂದು ಕಾರಣ. ಅದರ ಒಳಗೆ ಸಿಪ್ಪೆ. ಅದನ್ನು ಬೆರಳಿನಿಂದ ಹಿಂಜಿ ನೋಡಿ. ಎರಡು ವಸ್ತುಗಳು ಬೇರೆಯಾಗುತ್ತವೆ: ಉದ್ದನೆಯ ನಾರು, ಕಂದು ಬಣ್ಣದ ಹುಡಿ. ನಾರು ಸ್ಕ್ಲೀರೆಂಕೈಮ. ಅದರ ಕೋಶಭಿತ್ತಿಯಲ್ಲಿ ಲಿಗ್ನಿನ್ ಎಂಬ ಗಟ್ಟಿ ವಸ್ತು ತುಂಬಿಕೊಂಡು ಕೋಶ ಸತ್ತಿರುತ್ತದೆ. ಹುಡಿ ತೆಳು ಗೋಡೆಯ ಪೆರೆಂಕೈಮದ ಒಣ ಅವಶೇಷ. ತನ್ನ ತೂಕದ ಹಲವು ಪಟ್ಟು ನೀರನ್ನು ಅದು ಹೀರಿಟ್ಟುಕೊಳ್ಳುತ್ತದೆ. ನರ್ಸರಿಯವರು ಗಿಡದ ಬುಡಕ್ಕೆ ಹಾಕುವುದು ಈ ಹುಡಿಯನ್ನೇ.

ಕತ್ತದ ಹಗ್ಗ ಮಾಡುವವರು ಸಿಪ್ಪೆಯನ್ನು ತಿಂಗಳುಗಟ್ಟಲೆ ಹಿನ್ನೀರಿನಲ್ಲಿ ಹೂತಿಡುತ್ತಿದ್ದದ್ದು ಹಿರಿಯರಿಗೆ ನೆನಪಿರಬಹುದು. ಆ ವಾಸನೆಯಂತೂ ಮರೆಯುವಂಥದ್ದಲ್ಲ. ಅಲ್ಲಿ ನಡೆಯುತ್ತಿದ್ದದ್ದು ಅಂಗಾಂಶಗಳನ್ನು ಬೇರ್ಪಡಿಸುವ ಕೆಲಸ. ನಾರುಗಳ ನಡುವಿನ ಮೃದು ಭಾಗವನ್ನು ಬ್ಯಾಕ್ಟೀರಿಯಾಗಳು ಕೊಳೆಸಿ ತಿನ್ನುತ್ತವೆ. ಲಿಗ್ನಿನ್ ತುಂಬಿದ ನಾರು ಅವುಗಳಿಗೆ ಸುಲಭದ ತುತ್ತಲ್ಲ, ಹಾಗಾಗಿ ಅದು ಉಳಿಯುತ್ತದೆ.

ನಾರಿನ ಒಳಗೆ ಗೆರಟೆ. ಅದೂ ಸ್ಕ್ಲೀರೆಂಕೈಮವೇ, ಆದರೆ ಉದ್ದನೆಯ ನಾರಾಗಿ ಅಲ್ಲ, ಗಿಡ್ಡ ಕಲ್ಲುಕೋಶಗಳಾಗಿ. ಒಂದೇ ಅಂಗಾಂಶ ಹಗ್ಗವಾಗುವಷ್ಟು ಬಾಗುತ್ತದೆ, ಸೌಟಾಗುವಷ್ಟು ಬಿಗಿಯೂ ಆಗುತ್ತದೆ. ಎರಡನ್ನೂ ಮಕ್ಕಳ ಕೈಗೆ ಕೊಟ್ಟು ನೋಡಿ, ‘ನಾರು ಮತ್ತು ಕಲ್ಲುಕೋಶಗಳ ವ್ಯತ್ಯಾಸ ಬರೆಯಿರಿ’ ಎಂಬ ಪ್ರಶ್ನೆಗೆ ಮತ್ತೆ ಬಾಯಿಪಾಠ ಬೇಕಾಗುವುದಿಲ್ಲ. ಗೆರಟೆಯ ಮೂರು ಕಣ್ಣುಗಳಲ್ಲಿ ಮೆತ್ತಗಿನದೊಂದು ಇರುತ್ತದೆ. ಭ್ರೂಣ ಇರುವುದು ಅದರ ಹಿಂದೆ, ಅಂದರೆ ಮುಂದಿನ ಮರದ ವರ್ಧನ ಅಂಗಾಂಶ, ಹೊಸ ಕೋಶಗಳನ್ನು ಹುಟ್ಟಿಸುವ ಅಂಗಾಂಶ, ಅಲ್ಲಿ ಮಲಗಿರುತ್ತದೆ. ಇನ್ನು ಉಳಿದದ್ದು ಬಿಳಿ ತಿರುಳು. ಅದು ಭ್ರೂಣಾಹಾರ, ಎಣ್ಣೆ ತುಂಬಿದ ಕೋಶಗಳ ರಾಶಿ. ಅದನ್ನು ತುರಿದು ಚಟ್ನಿ ಮಾಡಿ. ಪ್ರಯೋಗದ ವಸ್ತುವನ್ನು ತಿನ್ನಬಾರದು ಎಂಬ ನಿಯಮಕ್ಕೆ ನನ್ನ ತರಗತಿಯಲ್ಲಿ ಇದೊಂದೇ ವಿನಾಯಿತಿ.

ಹಾಗಾದರೆ ಎಳನೀರು? ಅದೂ ಅಂಗಾಂಶವೇ?

ಇದನ್ನು ಕೇಳಿದವಳು ಎಂಟನೆಯ ತರಗತಿಯ ಹುಡುಗಿ. ನಾನು ಒಂದು ದಿನದ ಸಮಯ ತೆಗೆದುಕೊಂಡೆ.

ಎಳನೀರು ದ್ರವರೂಪದ ಭ್ರೂಣಾಹಾರ. ಕಾಯಿ ಎಳೆಯದಿದ್ದಾಗ ಭ್ರೂಣಾಹಾರದ ಕೋಶಕೇಂದ್ರಗಳು ಒಂದರ ಹಿಂದೊಂದು ವಿಭಜನೆಯಾಗುತ್ತವೆ, ಆದರೆ ನಡುವೆ ಗೋಡೆ ಕಟ್ಟುವುದಿಲ್ಲ. ಗೋಡೆಯೇ ಇಲ್ಲದ ದೊಡ್ಡ ಚಾವಡಿಯಲ್ಲಿ ಕೋಶಕೇಂದ್ರಗಳು ತೇಲುತ್ತಿರುತ್ತವೆ. ಆಮೇಲೆ ಗೆರಟೆಯ ಒಳಬದಿಯಿಂದ ಗೋಡೆಗಳು ಎದ್ದು, ಕೋಶಗಳಾಗಿ, ನಾವು ಚಮಚದಲ್ಲಿ ಕೆರೆದು ತಿನ್ನುವ ಎಳೆ ತಿರುಳು ಕೂಡುತ್ತದೆ. ಬಲಿತಂತೆ ತಿರುಳು ದಪ್ಪವಾಗುತ್ತದೆ. ಆದ್ದರಿಂದ ಸೀಯಾಳ ಕೆತ್ತುವವರು ‘ನೀರಿನದ್ದು ಬೇಕೋ, ತಿರುಳಿನದ್ದು ಬೇಕೋ’ ಎಂದು ಕೇಳುವುದು ಭ್ರೂಣಾಹಾರದ ಯಾವ ಹಂತ ಬೇಕು ಎಂದು ಕೇಳಿದ ಹಾಗೆ.

ತೆಂಗಿನ ಸಾಮಾನ್ಯ ಕೋಶದಲ್ಲಿ 32 ವರ್ಣತಂತುಗಳು. ಭ್ರೂಣಾಹಾರ ಮೂರು ಕೇಂದ್ರಗಳು ಕೂಡಿ ಹುಟ್ಟಿದ್ದಾದ್ದರಿಂದ ಅದರಲ್ಲಿ 48. ಎಳನೀರಿಗೆ ಸಸ್ಯಕೋಶಗಳನ್ನು ಬೆಳೆಸುವ ಶಕ್ತಿಯೂ ಇದೆ. 1941ರಲ್ಲಿ ಸಸ್ಯವಿಜ್ಞಾನಿ ಯೋಹಾನಸ್ ಫಾನ್ ಓವರ್‌ಬೀಕ್ ಉಮ್ಮತ್ತಿ ಜಾತಿಯ ಗಿಡದ ಎಳೆಯ ಭ್ರೂಣಗಳನ್ನು ತೆಂಗಿನ ನೀರು ಬೆರೆಸಿದ ಪೋಷಕ ಮಾಧ್ಯಮದಲ್ಲಿ ಬೆಳೆಸಿ ತೋರಿಸಿದ. 1958ರಲ್ಲಿ ಅಮೆರಿಕದ ಸ್ಟೀವರ್ಡ್ ಮತ್ತು ಸಂಗಡಿಗರು ಕ್ಯಾರೆಟ್‌ನ ಕೋಶಗಳಿಂದ ಗಿಡ ಪಡೆದಾಗಲೂ ಮಾಧ್ಯಮದಲ್ಲಿ ತೆಂಗಿನ ನೀರು ಇತ್ತು. ಹುಡುಗಿಗೆ ನಾನು ಕೊಟ್ಟ ಉತ್ತರ: ತಿರುಳು ಖಂಡಿತ ಅಂಗಾಂಶ, ನೀರು ಅಂಗಾಂಶವಾಗುವ ದಾರಿಯಲ್ಲಿದೆ. ಪರೀಕ್ಷೆಯಲ್ಲಿ ‘ದ್ರವ ಭ್ರೂಣಾಹಾರ’ ಎಂದು ಬರೆಯಬೇಕು.

ಪೆರೆಂಕೈಮ, ಕೋಲೆಂಕೈಮ, ಸ್ಕ್ಲೀರೆಂಕೈಮ ಯಾವಾಗಲೂ ಅದಲುಬದಲಾಗುತ್ತವೆ. ಏನು ಮಾಡಲಿ?

ಹರಿವೆ ದಂಟು ತನ್ನಿ. ಎಳೆಯ ದಂಟನ್ನು ಬಗ್ಗಿಸಿದರೆ ಮುರಿಯದೆ ಬಾಗುತ್ತದೆ, ಬಿಟ್ಟರೆ ಮರಳಿ ನೆಟ್ಟಗಾಗುತ್ತದೆ. ಆ ಬಾಗುವ ಬಲ ಕೋಲೆಂಕೈಮದ್ದು. ದಂಟಿನ ಹೊರಮೈಯ ಏಣುಗಳಲ್ಲಿ, ತೊಗಲಿನ ಕೆಳಗೇ ಅದು ಇರುತ್ತದೆ. ಜೀವಂತ ಕೋಶ, ಮೂಲೆಗಳಲ್ಲಿ ಮಾತ್ರ ಗೋಡೆ ದಪ್ಪ, ಲಿಗ್ನಿನ್ ಇಲ್ಲ. ಅದೇ ದಂಟನ್ನು ಸಾಂಬಾರಿಗೆ ಹಾಕಿ ಅಗಿದಾಗ ಒಳಗಿನಿಂದ ಜಾರಿ ಬರುವ ಮೆತ್ತನೆಯ ಭಾಗ ಪೆರೆಂಕೈಮ. ಬಲಿತ ದಂಟನ್ನು ಅಗಿದು ಕೊನೆಗೆ ತಟ್ಟೆಯ ಬದಿಗೆ ಉಗುಳುವ ನಾರು ಗಟ್ಟಿ ಗೋಡೆಯ ಕೋಶಗಳದು. ಬಾಗುವುದು, ಜಾರುವುದು, ಉಗುಳುವುದು. ಈ ಮೂರು ಕ್ರಿಯಾಪದ ನೆನಪಿದ್ದರೆ ಮೂರು ಹೆಸರುಗಳೂ ನಿಲ್ಲುತ್ತವೆ.

ಪಠ್ಯದಲ್ಲಿ ಕಲ್ಲುಕೋಶಗಳಿಗೆ ಪಿಯರ್ ಹಣ್ಣಿನ ಉದಾಹರಣೆ ಇರುತ್ತದೆ. ನಮ್ಮೂರಿನ ಎಷ್ಟು ಮಕ್ಕಳು ಅದನ್ನು ಕಂಡಿದ್ದಾರೆ? ಪೇರಳೆ ತಿಂದವರು ಎಲ್ಲರೂ ಇದ್ದಾರೆ. ಪೇರಳೆಯ ತಿರುಳಿನಲ್ಲಿ ಹಲ್ಲಿಗೆ ಮರಳು ಮರಳಾಗಿ ಸಿಗುವುದೂ ಕಲ್ಲುಕೋಶಗಳ ಗುಂಪೇ.

ಅಡಿಕೆ ಮರದಿಂದ ನೀರು ಹರಿಸುವ ದಂಬೆ ಮಾಡಬಹುದು, ಹಲಸಿನ ಕೊಂಬೆಯಿಂದ ಏಕೆ ಹಾಗೆ ಸುಲಭವಾಗಿ ಆಗುವುದಿಲ್ಲ?

ಬಾಯಾರು, ಪೈವಳಿಕೆ, ಎಣ್ಮಕಜೆ ಕಡೆಯವರಿಗೆ ಸುರಂಗದ ನೀರು ಗೊತ್ತು. ಗುಡ್ಡದ ಮುರಕಲ್ಲಿನೊಳಗೆ ಅಡ್ಡಕ್ಕೆ ಕೊರೆದ ಬಿಲದಿಂದ ನೀರು ಒಸರಿ ಬರುತ್ತದೆ. ಪೈಪುಗಳು ಬರುವ ಮೊದಲು ಅದನ್ನು ಅಂಗಳದವರೆಗೆ ತಂದದ್ದು ಅಡಿಕೆ ಮರದ ದಂಬೆ. ಮರವನ್ನು ಉದ್ದಕ್ಕೆ ಎರಡಾಗಿ ಸೀಳಿ ನೋಡಿದರೆ ಒಳಗೆ ಮೆತ್ತಗಿನ, ಬೆಂಡಿನಂಥ ತಿರುಳು. ಅದನ್ನು ಕತ್ತಿಯ ತುದಿಯಿಂದ ಕೆರೆದು ತೆಗೆಯಬಹುದು. ಹೊರಗಿನ ಎರಡು ಬೆರಳು ದಪ್ಪದ ಭಾಗಕ್ಕೆ ಬಂದಾಗ ಕತ್ತಿ ಟಣ್ ಎನ್ನುತ್ತದೆ. ಅಲ್ಲಿಗೆ ನಿಲ್ಲಿಸಿದರೆ ದಂಬೆ ಸಿದ್ಧ.

ಅಡಿಕೆ ಏಕದಳ ಸಸ್ಯ. ಅದರಲ್ಲಿ ಕ್ಸೈಲಂ ಮತ್ತು ಆಹಾರ ಸಾಗಿಸುವ ಫ್ಲೋಯಂಗಳ ಕಟ್ಟುಗಳು ಕಾಂಡದ ತುಂಬ ಚದುರಿರುತ್ತವೆ. ಪ್ರತಿ ಕಟ್ಟಿಗೂ ನಾರಿನ ಕವಚ. ಅಂಚಿನ ಕಡೆ ಈ ಕಟ್ಟುಗಳು ಒತ್ತೊತ್ತಾಗಿವೆ, ನಡುವೆ ವಿರಳ. ನಡುವಿನ ಜಾಗವನ್ನೆಲ್ಲ ಪೆರೆಂಕೈಮ ತುಂಬಿದೆ. ಗಾಳಿಗೆ ಬಾಗುವ ಮರಕ್ಕೆ ಹೆಚ್ಚು ಒತ್ತಡ ಬೀಳುವುದು ಹೊರ ಅಂಚಿನಲ್ಲಿ, ಆದ್ದರಿಂದ ಬಲವೂ ಅಲ್ಲಿಯೇ ಸೇರಿಕೊಂಡಿದೆ. ಹಲಸಿನಲ್ಲಿ ಇದು ತಲೆಕೆಳಗು. ಅಲ್ಲಿ ಒಳಗಿನ ಹಳದಿ ಚೇಗೇ ಗಟ್ಟಿ. ವರ್ಷಗಟ್ಟಲೆ ಕೂಡಿದ ಹಳೆಯ ಕ್ಸೈಲಂ ಅದು. ನಾಳಗಳು ಕಟ್ಟಿಕೊಂಡು ನೀರು ಸಾಗಿಸುವುದನ್ನು ನಿಲ್ಲಿಸಿವೆ. ನೀರು ಏರುವುದು ಅದರ ಹೊರಗಿನ ಬಿಳಿ ಮರದಲ್ಲಿ. ಬಡಗಿ ಬಿಳಿ ಭಾಗವನ್ನು ಕೆತ್ತಿ ಬಿಸಾಡುತ್ತಾನೆ, ದಂಬೆ ಮಾಡುವವನು ನಡುವಿನದನ್ನು ಬಿಸಾಡುತ್ತಾನೆ. ಏಕದಳ ದ್ವಿದಳ ಕಾಂಡಗಳ ವ್ಯತ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಚಿತ್ರ ನನ್ನ ಹತ್ತಿರ ಇಲ್ಲ.

ಹಲಸಿನ ತೊಗಟೆಯನ್ನು ಸುತ್ತ ಕೆತ್ತಿದರೆ ಮರ ಸಾಯುತ್ತದೆ. ತೆಂಗಿಗೆ ಮೆಟ್ಟಿಲು ಕಚ್ಚು ಹಾಕಿದರೂ ಏನೂ ಆಗುವುದಿಲ್ಲವಲ್ಲ?

ಹಲಸಿನ ಫ್ಲೋಯಂ ಇರುವುದು ತೊಗಟೆಯ ಒಳಪದರದಲ್ಲಿ, ಮರದ ಸುತ್ತ ಉಂಗುರದ ಹಾಗೆ. ಉಂಗುರ ಪೂರ್ತಿ ತುಂಡಾದರೆ ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದಿಲ್ಲ. ಬೇರು ಹಸಿವಿನಿಂದ ಸಾಯುತ್ತದೆ, ಮೇಲಿನ ಭಾಗಕ್ಕೆ ಅದು ತಿಳಿಯುವುದು ತಡವಾಗಿ. ತೆಂಗಿನಲ್ಲಿ ಫ್ಲೋಯಂ ಕಾಂಡದ ತುಂಬ ಹರಡಿದೆ, ಹೊರಗೆ ನಾಲ್ಕು ಕಚ್ಚು ಹಾಕಿದರೆ ಒಳಗಿನ ದಾರಿಗಳು ಉಳಿದಿರುತ್ತವೆ.

‘ಏನೂ ಆಗುವುದಿಲ್ಲ’ ಎಂಬುದು ಮಾತ್ರ ಸರಿಯಲ್ಲ. ಹಲಸಿಗೆ ಸಣ್ಣ ಗಾಯವಾದರೆ ತೊಗಟೆಗೂ ಮರಕ್ಕೂ ನಡುವಿನ ವರ್ಧನ ಪದರವಾದ ಕ್ಯಾಂಬಿಯಂ ಹೊಸ ಕೋಶ ಹುಟ್ಟಿಸಿ ಮುಚ್ಚುತ್ತದೆ. ತೆಂಗಿಗೆ ಕ್ಯಾಂಬಿಯಂ ಇಲ್ಲ, ಗಾಯ ಮುಚ್ಚುವುದಿಲ್ಲ. ಅಜ್ಜನ ಕಾಲದ ಕಚ್ಚು ಮೊಮ್ಮಗನ ಕಾಲದಲ್ಲೂ ಹಾಗೆಯೇ ಇರುತ್ತದೆ, ಮಳೆನೀರು ನಿಂತು ಕೊಳೆಯುವುದಕ್ಕೂ ದಾರಿಯಾಗುತ್ತದೆ.

ಸುಳಿ ಹೋದರೆ ತೆಂಗು ಸಾಯುತ್ತದೆ, ದನ ದಿನವೂ ಮೇಯುವ ಹುಲ್ಲು ಏಕೆ ಸಾಯುವುದಿಲ್ಲ?

ತೆಂಗಿಗೆ ಬೆಳೆಯುವ ತುದಿ ಒಂದೇ. ಸುಳಿಯ ಒಳಗೆ ಎಲೆಗಳ ಬುಡಗಳಿಂದ ಮುಚ್ಚಿಕೊಂಡು ಕುಳಿತಿರುವ ಆ ವರ್ಧನ ಅಂಗಾಂಶ ಕೊಳೆತರೆ ಹೊಸ ಎಲೆ ಹುಟ್ಟಿಸುವವರು ಯಾರೂ ಇಲ್ಲ. ಮಳೆಗಾಲದ ಸುಳಿಕೊಳೆ ರೋಗಕ್ಕೆ ಕೃಷಿಕರು ಅಷ್ಟು ಹೆದರುವುದು ಇದಕ್ಕೇ. ಕುರುವಾಯಿ ಹುಳು ಸುಳಿಯನ್ನು ಕೊರೆದರೂ ತುದಿಗೆ ಮುಟ್ಟದಿದ್ದರೆ ಮರ ಬದುಕುತ್ತದೆ. ಗರಿ ಬಿಡಿಸಿಕೊಂಡಾಗ ಕತ್ತರಿಯಿಂದ ಕತ್ತರಿಸಿದ ಹಾಗೆ ಕಾಣುವುದು, ಮಡಚಿದ್ದಾಗ ಆದ ತೂತಿನ ಗುರುತು.

ಹುಲ್ಲಿನ ವರ್ಧನ ಅಂಗಾಂಶ ಗೆಣ್ಣಿನ ಬಳಿ, ಎಲೆಯ ಬುಡದಲ್ಲಿ ಇರುತ್ತದೆ. ದನ ಮೇಲಿನದನ್ನು ಕಚ್ಚಿಕೊಂಡು ಹೋದರೆ ಬುಡದಿಂದ ಮತ್ತೆ ತಳ್ಳಿಕೊಂಡು ಬರುತ್ತದೆ. ಅಂತರ್ವಿಷ್ಟ ವರ್ಧನ ಅಂಗಾಂಶ ಎಂಬ ನಾಲಗೆ ಹೊರಳದ ಹೆಸರು ಇದಕ್ಕೆ.

ದಿನ ಬಿಟ್ಟು ದಿನ ಟ್ಯಾಪಿಂಗ್ ಮಾಡಿದರೂ ರಬ್ಬರ್ ಮರ ಏಕೆ ಸಾಯುವುದಿಲ್ಲ? ಹಾಲು ಎಂದರೆ ಮರದ ರಸವೇ?

ಹಾಲು ಕ್ಸೈಲಂ ರಸವೂ ಅಲ್ಲ, ಫ್ಲೋಯಂ ರಸವೂ ಅಲ್ಲ. ಅದು ಕ್ಷೀರನಾಳಗಳೆಂಬ ವಿಶೇಷ ಕೋಶಗಳ ಒಳಗಿನ ದ್ರವ. ಈ ನಾಳಗಳು ತೊಗಟೆಯ ಫ್ಲೋಯಂ ಪದರದಲ್ಲಿ ಮರದ ಸುತ್ತ ಬಳೆಗಳ ಹಾಗೆ ಇವೆ. ಟ್ಯಾಪಿಂಗ್ ಮಾಡುವವರು ಓರೆಯಾಗಿ, ಅರ್ಧ ಸುತ್ತಿನಷ್ಟು, ತೆಳುವಾದ ತೊಗಟೆಯನ್ನು ಮಾತ್ರ ಎಬ್ಬುತ್ತಾರೆ. ಅರ್ಧ ಸುತ್ತು ಉಳಿದಿರುವುದರಿಂದ ಆಹಾರದ ದಾರಿ ನಿಲ್ಲುವುದಿಲ್ಲ. ಕತ್ತಿ ಕ್ಯಾಂಬಿಯಂವರೆಗೆ ಹೋಗಬಾರದು ಎಂಬುದೇ ಆ ಕೆಲಸದ ಗುಟ್ಟು. ಕ್ಯಾಂಬಿಯಂ ಉಳಿದರೆ ಕೆಲವು ವರ್ಷಗಳಲ್ಲಿ ಹೊಸ ತೊಗಟೆ ಬರುತ್ತದೆ, ತಾಗಿದರೆ ಅಲ್ಲಿ ಗಂಟು ಕಟ್ಟುತ್ತದೆ. ಪಳಗಿದ ಟ್ಯಾಪರ್‌ಗೆ ಕ್ಯಾಂಬಿಯಂ ಎಂಬ ಹೆಸರು ಗೊತ್ತಿಲ್ಲದಿರಬಹುದು, ಅದು ಎಷ್ಟು ಆಳದಲ್ಲಿದೆ ಎಂಬುದು ಕೈಗೆ ಗೊತ್ತು. ಹೆಸರು ಗೊತ್ತಿರುವ ನನ್ನ ಕೈಗೆ ಕತ್ತಿ ಕೊಟ್ಟಾಗ ಮರಕ್ಕೆ ಗಂಟೇ ಆಯಿತು.

ಹಲಸಿನ ಮೇಣ ಕೂಡ ಕ್ಷೀರನಾಳಗಳದ್ದೇ. ಕೊರೆಯುವ ಮೊದಲು ಕೈಗೆ ತೆಂಗಿನೆಣ್ಣೆ ಹಚ್ಚುವುದು ಏಕೆ ಎಂದು ಇನ್ನು ವಿವರಿಸಬೇಕಿಲ್ಲ.

ಕ್ಸೈಲಂ ಸತ್ತದ್ದು, ಫ್ಲೋಯಂ ಜೀವಂತ ಎಂದು ಬರೆಯಬಹುದೇ?

ಮುಕ್ಕಾಲು ಪಾಲು ಸರಿ. ಕ್ಸೈಲಂನ ನಾಲ್ಕು ಬಗೆಗಳಲ್ಲಿ ಪೆರೆಂಕೈಮ ಮಾತ್ರ ಜೀವಂತ, ಫ್ಲೋಯಂನ ನಾಲ್ಕರಲ್ಲಿ ನಾರು ಮಾತ್ರ ಸತ್ತದ್ದು. ಫ್ಲೋಯಂನ ಜರಡಿ ನಾಳದ ಕೋಶಕ್ಕೆ ಜೀವವಿದೆ, ಕೋಶಕೇಂದ್ರವಿಲ್ಲ. ಪಕ್ಕದ ಸಂಗಾತಿ ಕೋಶ ಅದರ ಸಂಸಾರ ನೋಡಿಕೊಳ್ಳುತ್ತದೆ.

ನೋಡುವ ಬಗೆ: ಮಳೆಗಾಲದಲ್ಲಿ ಪಾರೆಯ ಮೇಲೆ ಅರಳುವ ಕರ್ಣಕುಂಡಲದ ಗಿಡವನ್ನು ಬೇರು ಸಮೇತ ಕಿತ್ತು, ಕೆಂಪು ಶಾಯಿ ಬೆರೆಸಿದ ನೀರಿನಲ್ಲಿ ನಿಲ್ಲಿಸಿ. ಕಾಂಡ ಅರೆಪಾರದರ್ಶಕವಾದ್ದರಿಂದ ಕೆಂಪು ಗೆರೆಗಳು ಏರುವುದು ಹೊರಗಿನಿಂದಲೇ ಕಾಣುತ್ತದೆ. ಇನ್ನೊಂದು ದಾರಿ ಬಾಳೆ ಎಲೆಯ ದಂಟು. ಅದನ್ನು ಮುರಿದು ಮೆಲ್ಲನೆ ಎಳೆದರೆ ಜೇಡನ ನೂಲಿನಂಥ ಎಳೆಗಳು ನಡುವೆ ತೂಗುತ್ತವೆ. ಕ್ಸೈಲಂ ನಾಳಗಳ ಒಳಗೋಡೆಯ ಸುರುಳಿಗಳು ಬಿಚ್ಚಿಕೊಂಡದ್ದು ಅವು.

ಅಡಿಕೆಯ ಹಳದಿ ಎಲೆ ರೋಗಕ್ಕೆ ಬೋರ್ಡೋ ಏಕೆ ಫಲ ಕೊಡುವುದಿಲ್ಲ?

ಪಾಠದ ಹೊರಗಿನ ಪ್ರಶ್ನೆ, ಆದರೆ ಉತ್ತರ ಪಾಠದ ಒಳಗೇ ಇದೆ. ಬೋರ್ಡೋ ಸಿಂಪಡಿಸುವುದು ಕೊಳೆರೋಗಕ್ಕೆ. ಆ ರೋಗದ ಸೂಕ್ಷ್ಮಾಣು ಕಾಯಿಯ ಮೇಲೆ ಬಂದು ಕೂರುತ್ತದೆ, ಹೊರಗಿನಿಂದ ಒಳಗೆ ನುಗ್ಗುತ್ತದೆ. ಒಂದು ಕಿಲೊ ಮೈಲುತುತ್ತು, ಒಂದು ಕಿಲೊ ಸುಣ್ಣ, ನೂರು ಲೀಟರ್ ನೀರಿನ ಶೇಕಡ 1ರ ಬೋರ್ಡೋ ದ್ರಾವಣವನ್ನು ಮಳೆಗೆ ಮೊದಲೇ ಗೊನೆಗೆ ಸಿಂಪಡಿಸಿದರೆ ಬಾಗಿಲಲ್ಲೇ ತಡೆಯಬಹುದು. ಹಳದಿ ಎಲೆ ರೋಗಕ್ಕೆ ಸಂಬಂಧಿಸಿದ್ದು ಫೈಟೊಪ್ಲಾಸ್ಮಾ ಎಂಬ ಬೇರೆ ಸೂಕ್ಷ್ಮಾಣು. ಅದಕ್ಕೆ ಕೋಶಭಿತ್ತಿಯೇ ಇಲ್ಲ, ಅದರ ವಾಸ ಫ್ಲೋಯಂ ಒಳಗೆ. ರಸ ಹೀರುವ ಜಿಗಿಹುಳು ಅದನ್ನು ಮರದಿಂದ ಮರಕ್ಕೆ ಒಯ್ಯುತ್ತದೆ. ಮನೆಯೊಳಗೆ ಸೇರಿಕೊಂಡವನಿಗೆ ಗೇಟಿಗೆ ಬೀಗ ಹಾಕಿ ಏನು ಪ್ರಯೋಜನ? ಹೆಚ್ಚು ತಿಳಿಯಬೇಕಾದವರು ಕೂಡ್ಲಿನಲ್ಲಿರುವ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನ ಸಂಸ್ಥೆಯಲ್ಲಿ ಕೇಳಬಹುದು. 1916ರಲ್ಲಿ ತೆಂಗು ಸಂಶೋಧನ ಕೇಂದ್ರವಾಗಿ ಶುರುವಾದ ಜಾಗ ಅದು.

ಕೆಸು ತುರಿಸುವುದು ಯಾವ ಅಂಗಾಂಶದಿಂದ?

ಪೆರೆಂಕೈಮದ ನಡುವೆ ಇರುವ ಕೆಲವು ಕೋಶಗಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಗಳ ಕಟ್ಟು ಇರುತ್ತದೆ. ಪತ್ರೊಡೆಗೆ ಹುಣಸೆಹುಳಿ ಹಾಕುವುದನ್ನು ಮರೆತ ಮನೆಯಲ್ಲಿ ಒಮ್ಮೆ ಊಟ ಮಾಡಿದವರು ಈ ಉತ್ತರವನ್ನು ಮರೆಯುವುದಿಲ್ಲ.

ರಕ್ತ ನೀರಿನ ಹಾಗೆ ಹರಿಯುತ್ತದೆ. ಅದು ಹೇಗೆ ‘ಸಂಯೋಜಕ’ ಅಂಗಾಂಶ?

ಸಂಯೋಜಕ ಅಂಗಾಂಶದ ಗುರುತು ಗಟ್ಟಿತನವಲ್ಲ. ಕೋಶಗಳು ಒಂದಕ್ಕೊಂದು ಅಂಟಿಕೊಳ್ಳದೆ ದೂರ ದೂರ ಇದ್ದು, ನಡುವಿನ ಜಾಗವನ್ನು ಬೇರೊಂದು ವಸ್ತು ತುಂಬಿರುತ್ತದೆ. ಅದನ್ನು ಮಾತೃಕೆ ಎನ್ನುತ್ತಾರೆ. ಮೂಳೆಯಲ್ಲಿ ಮಾತೃಕೆ ಸುಣ್ಣದಿಂದ ಗಟ್ಟಿಯಾಗಿದೆ, ಮೃದ್ವಸ್ಥಿಯಲ್ಲಿ ರಬ್ಬರಿನ ಹಾಗಿದೆ, ರಕ್ತದಲ್ಲಿ ಪ್ಲಾಸ್ಮಾ ಎಂಬ ದ್ರವ. ರಕ್ತದ ಅರ್ಧಕ್ಕಿಂತ ಹೆಚ್ಚು, ಸುಮಾರು ಶೇಕಡ 55, ಪ್ಲಾಸ್ಮಾವೇ. ಮೂಳೆಯ ಮಾತೃಕೆಯನ್ನು ಪರೀಕ್ಷಿಸಬೇಕೆಂದರೆ ಕೋಳಿಯ ಕಾಲಿನ ಮೂಳೆಯನ್ನು ವಿನೆಗರ್‌ನಲ್ಲಿ ಮುಳುಗಿಸಿ ಕೆಲವು ದಿನ ಬಿಡಿ. ಸುಣ್ಣ ಕರಗಿ ಹೋಗಿ ಪ್ರೋಟೀನಿನ ನಾರು ಉಳಿಯುತ್ತದೆ, ಮೂಳೆ ಬಾಗತೊಡಗುತ್ತದೆ. ಮೀನು ಮಾರುಕಟ್ಟೆಗೆ ಹೋಗುವವರು ತೊರಕೆಯನ್ನು ಕತ್ತರಿಸುವುದನ್ನು ನೋಡಿರಬಹುದು. ಅಷ್ಟು ದೊಡ್ಡ ಮೀನಿನ ಅಸ್ಥಿಪಂಜರದಲ್ಲಿ ಕತ್ತಿ ಸಲೀಸಾಗಿ ಓಡುತ್ತದೆ, ಏಕೆಂದರೆ ಅದೆಲ್ಲ ಮೃದ್ವಸ್ಥಿ.

ಬಂಗುಡೆ ಬೆಂದಾಗ ಪದರ ಪದರವಾಗಿ ಬಿಡುತ್ತದೆ, ಕೋಳಿ ಹಾಗೆ ಬಿಡುವುದಿಲ್ಲ. ಏಕೆ?

ಮೀನಿನ ಸ್ನಾಯು ಗಿಡ್ಡ ಗಿಡ್ಡ ಕಟ್ಟುಗಳಲ್ಲಿ ಜೋಡಿಸಿದ್ದು, ಎರಡು ಕಟ್ಟುಗಳ ನಡುವೆ ಸಂಯೋಜಕ ಅಂಗಾಂಶದ ತೆಳು ಪರದೆ. ಅದರಲ್ಲಿರುವ ಕೊಲಾಜೆನ್ ಎಂಬ ಪ್ರೋಟೀನು ಬಿಸಿಗೆ ಬೇಗ ಕರಗಿ ಜೆಲಟಿನ್ ಆಗುತ್ತದೆ, ಅಂಟು ಬಿಟ್ಟ ಕಟ್ಟುಗಳು ಬಿಡಿಬಿಡಿಯಾಗುತ್ತವೆ. ಗಸಿ ತಣಿದಾಗ ಕೆಲವೊಮ್ಮೆ ಹೆಪ್ಪುಗಟ್ಟಿದ ಹಾಗಾಗುವುದೂ ಆ ಜೆಲಟಿನ್‌ನಿಂದ. ಕೋಳಿಯ ಸ್ನಾಯು ಎಳೆಗಳು ಉದ್ದ, ಅದಕ್ಕೇ ನೂಲಿನ ಹಾಗೆ ಬಿಡಿಸಿಕೊಳ್ಳುತ್ತವೆ.

ಬಂಗುಡೆಯನ್ನು ಇನ್ನೂ ಒಂದು ಕಾರಣಕ್ಕೆ ಗಮನಿಸಬೇಕು. ಚರ್ಮದ ಕೆಳಗೆ, ಪಕ್ಕೆಯುದ್ದಕ್ಕೂ ಕಪ್ಪುಗೆಂಪು ಪಟ್ಟಿಯೊಂದು ಕಾಣುತ್ತದೆ. ಮಕ್ಕಳು ಅದನ್ನು ಬದಿಗಿಡುತ್ತಾರೆ. ಬಿಡುವಿಲ್ಲದೆ ಈಜುವುದಕ್ಕೆ ಬಳಸುವ ಸ್ನಾಯು ಅದು. ಆಮ್ಲಜನಕ ಹಿಡಿದಿಡುವ ಮಯೋಗ್ಲೋಬಿನ್ ತುಂಬಿರುವುದರಿಂದ ಆ ಬಣ್ಣ. ಬಿಳಿ ಸ್ನಾಯು ಒಮ್ಮೆಲೇ ಚಂಗನೆ ನುಗ್ಗುವುದಕ್ಕೆ, ಅದು ಬೇಗ ದಣಿಯುತ್ತದೆ. ಊರಕೋಳಿಯ ಎದೆಯ ಮಾಂಸ ಬಿಳಿ, ತೊಡೆಯದು ಕಪ್ಪು ಎಂಬುದರಲ್ಲೂ ಇದೇ ಲೆಕ್ಕ. ದಿನವಿಡೀ ಕೆದಕುತ್ತ ನಡೆಯುತ್ತದೆ, ಹಾರುವುದು ನಾಯಿ ಬಂದಾಗ ಮಾತ್ರ.

ಮೀನು ತಿನ್ನದ ಮನೆಯ ಮಕ್ಕಳಿಗೆ ಈ ಉತ್ತರವನ್ನು ನಾನು ಕಪ್ಪುಹಲಗೆಯ ಮೇಲೆ ಬರೆದು ತೋರಿಸುತ್ತೇನೆ. ಅಂಕ ಕಡಿಮೆಯಾಗದು.

ಗೆರೆ ಇರುವ ಸ್ನಾಯುಗಳೆಲ್ಲ ನಮ್ಮ ಮಾತು ಕೇಳುತ್ತವೆಯೇ?

ಹೃದಯ ಕೇಳುವುದಿಲ್ಲ. ಅದರ ಸ್ನಾಯುವಿನಲ್ಲಿ ಗೆರೆಗಳಿವೆ, ಕವಲುಗಳಿವೆ, ಆದರೆ ಅನೈಚ್ಛಿಕ. ಪ್ರತಿ ವರ್ಷ ಅರ್ಧ ತರಗತಿ ಇಲ್ಲಿ ಎಡವುತ್ತದೆ.

ಅಸ್ಥಿರಜ್ಜು ಮತ್ತು ಸ್ನಾಯುರಜ್ಜು?

ಹೆಸರಿನಲ್ಲೇ ಉತ್ತರ ಉಂಟು. ಅಸ್ಥಿರಜ್ಜು ಮೂಳೆಯನ್ನು ಮೂಳೆಗೆ ಕಟ್ಟುತ್ತದೆ, ಸ್ನಾಯುರಜ್ಜು ಸ್ನಾಯುವನ್ನು ಮೂಳೆಗೆ ಕಟ್ಟುತ್ತದೆ. ಯಕ್ಷಗಾನದ ಆಟದಲ್ಲಿ ದಿಗಿಣ ಹಾರಿ ಇಳಿಯುವ ವೇಷಧಾರಿಯ ಮೊಣಕಾಲಿನಲ್ಲಿ ಎರಡೂ ದುಡಿಯುತ್ತವೆ, ನಡುವೆ ಮೃದ್ವಸ್ಥಿಯ ಮೆತ್ತೆ ಪೆಟ್ಟು ತಿನ್ನುತ್ತದೆ. ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಆದ್ದರಿಂದ ಅದು ಸವೆದರೆ ಮೂಳೆ ಮುರಿದು ಕೂಡಿದಷ್ಟು ಚೆನ್ನಾಗಿ ಕೂಡುವುದಿಲ್ಲ. ಹಳೆಯ ಕಲಾವಿದರು ಚೌಕಿಯಲ್ಲಿ ಮೊಣಕಾಲಿಗೆ ಎಣ್ಣೆ ತಿಕ್ಕುತ್ತ ಕೂರುವುದನ್ನು ಕಂಡವರಿಗೆ ಇದು ಹೊಸ ವಿಷಯವಲ್ಲ.

ಬಿಸಿ ಗೋಳಿಬಜೆ ತಿಂದು ಬಾಯಿ ಸುಟ್ಟರೆ ಬೇಗ ವಾಸಿಯಾಗುತ್ತದೆ, ಕೈ ಸುಟ್ಟರೆ ತಡ. ಏಕೆ?

ಬಾಯಿಯ ಒಳಪದರ ಅನುಲೇಪಕ, ಅಂದರೆ ಹೊದಿಕೆಯ ಅಂಗಾಂಶ. ದಿನವೂ ಉಜ್ಜಿಸಿಕೊಳ್ಳುವ ಜಾಗವಾದ್ದರಿಂದ ಕೆಳಗಿನ ಕೋಶಗಳು ಬಿರುಸಾಗಿ ವಿಭಜಿಸಿ ಮೇಲಿನದನ್ನು ತುಂಬಿಸುತ್ತಿರುತ್ತವೆ. ಚರ್ಮದ ಹೊರಪದರ ಹೊಸದಾಗಲು ಸುಮಾರು ಒಂದು ತಿಂಗಳು ಬೇಕು. ಕರುಳಿನ ಒಳಪದರ ಇನ್ನೂ ಚುರುಕು, ಮೂರರಿಂದ ಐದು ದಿನಗಳಲ್ಲಿ ಬದಲಾಗಿರುತ್ತದೆ.

ನರ ಅಂಗಾಂಶದ ಪಾಠದಲ್ಲಿ ಎಂಡೋಸಲ್ಫಾನ್ ಕೀಟನಾಶಕದ ವಿಷಯ ಹೇಳಬೇಕೇ?

ನಾನು ಹೇಳುತ್ತೇನೆ. ಕೆಲವು ಮಕ್ಕಳ ಮನೆಯಲ್ಲೇ ಇದರ ಕಥೆ ಇರುತ್ತದೆ, ಆದ್ದರಿಂದ ಮೆಲುದನಿಯಲ್ಲಿ ಹೇಳುತ್ತೇನೆ. ನರಕೋಶಕ್ಕೆ ಸಂದೇಶ ಸಾಗಿಸುವುದು ಎಷ್ಟು ಮುಖ್ಯವೋ ನಿಲ್ಲಿಸುವುದೂ ಅಷ್ಟೇ ಮುಖ್ಯ. ‘ಸಾಕು’ ಎಂದು ಹೇಳುವ ರಾಸಾಯನಿಕ ಬಂದು ಮುಟ್ಟಿದಾಗ ಕೋಶದ ಪೊರೆಯಲ್ಲಿ ಕ್ಲೋರೈಡ್ ಹಾದಿ ತೆರೆದು ನರ ಶಾಂತವಾಗುತ್ತದೆ. ಎಂಡೋಸಲ್ಫಾನ್ ಆ ಹಾದಿಯನ್ನು ಮುಚ್ಚುತ್ತದೆ. ಕೀಟದ ನರ ಕೆರಳಿ ಕೆರಳಿ ಕೀಟ ಸಾಯುತ್ತದೆ. ನಮ್ಮ ನರಕೋಶದಲ್ಲೂ ಅಂಥ ಹಾದಿಗಳೇ ಇವೆ. ಜಿಲ್ಲೆಯ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರ್‌ನಿಂದ ಅದನ್ನು ಸಿಂಪಡಿಸಿದರು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ತಡೆಯಿತು. ಇಷ್ಟು ಹೇಳಿ ನಾನು ನರಕೋಶದ ಚಿತ್ರಕ್ಕೆ ಹಿಂದಿರುಗುತ್ತೇನೆ.

ಟಿಶ್ಯೂ ಕಲ್ಚರ್ ಬಾಳೆ ತಿಂದರೆ ಏನಾದರೂ ತೊಂದರೆಯೇ?

ಇಲ್ಲ. ಅದು ಔಷಧಿಯಲ್ಲಿ ಬೆಳೆದ ಹಣ್ಣಲ್ಲ, ಅಂಗಾಂಶ ಕೃಷಿಯಿಂದ ಬಂದ ಗಿಡದ ಹಣ್ಣು. ಕಂದಿನ ತುದಿಯ ವರ್ಧನ ಅಂಗಾಂಶದ ಚೂರನ್ನು ಶುದ್ಧ ಮಾಧ್ಯಮದಲ್ಲಿ ಬೆಳೆಸಿ ಸಾವಿರ ಸಸಿ ಮಾಡುತ್ತಾರೆ, ಅಷ್ಟೆ. ಬೆಳೆಯುವ ತುದಿಯ ತೀರ ಸಣ್ಣ ಚೂರಿಗೆ ವೈರಸ್ ಮುಟ್ಟಿರುವುದು ಅಪರೂಪ. 1952ರಲ್ಲಿ ಫ್ರಾನ್ಸಿನ ಮೊರೆಲ್ ಮತ್ತು ಮಾರ್ಟಿನ್ ಡೇಲಿಯಾ ಗಿಡದಲ್ಲಿ ಇದನ್ನು ಮೊದಲು ತೋರಿಸಿದ್ದು. ನೇಂದ್ರ ಬೆಳೆಸುವವರು ಒಂದೇ ಸಮಕ್ಕೆ ಗೊನೆ ಬರಲಿ ಎಂದು ಇಂಥ ಸಸಿ ಕೊಳ್ಳುತ್ತಾರೆ.

ಕೆನ್ನೆಯ ಒಳಗಿನ ಕೋಶಗಳನ್ನು ಬ್ಲೇಡಿನಿಂದ ಕೆರೆಯಬಹುದೇ?

ಬೇಡವೇ ಬೇಡ. ಬಾಯಿ ಮುಕ್ಕಳಿಸಿ, ಹಲ್ಲುಕಡ್ಡಿಯ ಮೊಂಡು ತುದಿಯಿಂದ ಮೆಲ್ಲನೆ ಸವರಿದರೆ ಸಾಕು. ಗಾಜಿನ ಪಟ್ಟಿಯ ಮೇಲೆ ಒಂದು ಹನಿ ನೀರಿನಲ್ಲಿ ಹರಡಿ, ಮೆಥಿಲೀನ್ ನೀಲಿಯ ಒಂದು ಹನಿ ಹಾಕಿ. ಚಪ್ಪಟೆ ಹಂಚುಗಳ ಹಾಗೆ ಕಾಣುವ ಕೋಶಗಳ ನಡುವೆ ಕಡುನೀಲಿ ಚುಕ್ಕೆ ಕೋಶಕೇಂದ್ರ. ಪಕ್ಕದಲ್ಲಿ ನೀರುಳ್ಳಿಯ ಪೊರೆಯನ್ನೂ ಇಟ್ಟು ನೋಡಿ. ಅದರ ಕೋಶಗಳಿಗೆ ಗೋಡೆಯಿದೆ, ಇಟ್ಟಿಗೆ ಜೋಡಿಸಿದ ಹಾಗೆ ಸಾಲಾಗಿ ನಿಂತಿರುತ್ತವೆ. ಒಬ್ಬರ ಕಡ್ಡಿಯನ್ನು ಇನ್ನೊಬ್ಬರು ಬಳಸಬಾರದು, ಕೆಲಸ ಮುಗಿದ ಮೇಲೆ ಎಲ್ಲವನ್ನೂ ಒಟ್ಟು ಮಾಡಿ ಸುಟ್ಟುಬಿಡಿ. ನೀಲಿ ಬಣ್ಣ ಅಂಗಿಗೆ ತಾಗಿದರೆ ಹೋಗುವುದಿಲ್ಲ, ಬಿಳಿ ಸಮವಸ್ತ್ರದ ದಿನ ಈ ಪ್ರಯೋಗ ಇಟ್ಟುಕೊಳ್ಳಬೇಡಿ.